ಕಡಿತ ಅಂತ ಯಾರೂ ಹೇಳುವುದಿಲ್ಲ: ಅಂಗವಿಕಲರ ಮಾಸಾಶನದ ನೂರು ವರ್ಷ

ಬಾಪನ ಅಂಗಡಿಯಲ್ಲಿ ಎರಡು ಪುಸ್ತಕ ಇದ್ದವು. ಒಂದು ನಗದು ವ್ಯಾಪಾರದ್ದು, ಇನ್ನೊಂದು ಸಾಲದ್ದು. ನಮ್ಮೂರಲ್ಲಿ ಸಾಲದ ಪುಸ್ತಕ ಅನ್ನುವುದಕ್ಕೆ ಇಲ್ಲಿ ಉದ್ರಿ ಪುಸ್ತಕ ಅನ್ನುತ್ತಾರೆ. ಇಲ್ಲಿ ಅಂದರೆ ಸಮಡೋಳಿಯಲ್ಲಿ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆ, ಮಿರಜ ತಾಲೂಕು. ಜೈನರಿಗೆ ಇದು 1924ರಲ್ಲಿ ಶಾಂತಿಸಾಗರ ಮಹಾರಾಜರಿಗೆ ಆಚಾರ್ಯ ಪದವಿ ಸಿಕ್ಕ ಊರು. ನಮಗೆ ಇದು ಬಾಪ ಬಂಟ್ವಾಳ ಕಡೆಯಿಂದ ಬಂದು, ಮೊದಲು ಮಿರಜದ ಒಂದು ಹೋಟೆಲಿನಲ್ಲಿ ದುಡಿದು, ಆಮೇಲೆ ಬಾಡಿಗೆಗೆ ಒಂದು ಕೋಣೆ ಹಿಡಿದು ಅಂಗಡಿ ಹಾಕಿದ ಊರು. ಮನೆಯೊಳಗೆ ಬ್ಯಾರಿ, ಗಲ್ಲಾದಲ್ಲಿ ಮರಾಠಿ ಮತ್ತು ಕನ್ನಡ. ನಾನು ಬೆಳೆದದ್ದು ಹೀಗೆ.

ಉದ್ರಿ ಪುಸ್ತಕದಲ್ಲಿ ಕೆಲವು ಹೆಸರುಗಳ ಮುಂದೆ ಬಾಪ ಸಣ್ಣದಾಗಿ ‘ಪೆ’ ಅಂತ ಬರೆದಿಡುತ್ತಿದ್ದರು. ಪೆನ್ಶನ್ ಬಂದ ಮೇಲೆ ಕೊಡುವವರು ಅಂತ ಅರ್ಥ. ವಿಧವೆಯರು, ವಯಸ್ಸಾದವರು, ಪೋಲಿಯೋದಲ್ಲಿ ಕಾಲು ಸೋತವರು, ಕಣ್ಣು ಕಾಣದವರು. ಅಕ್ಕಿ, ಚಹಾಪುಡಿ, ಸಕ್ಕರೆ, ಎಣ್ಣೆ. ತಿಂಗಳ ಕೊನೆಗೆ ಆ ಸಾಲಿನ ಮೇಲೆ ಒಂದು ಗೀಟು ಬೀಳುತ್ತಿತ್ತು. ಯಾವುದಾದರೂ ಹೆಸರಿನ ಮುಂದೆ ಎರಡು ಮೂರು ತಿಂಗಳು ಗೀಟು ಬೀಳದಿದ್ದರೆ ಬಾಪ ಕೇಳುತ್ತಿರಲಿಲ್ಲ. ಹಣ ನಿಂತಿದೆ ಅಂತ ಅವರಿಗೆ ಗೊತ್ತಾಗುತ್ತಿತ್ತು. ಪೇಪರಿನವರಿಗಿಂತ ಮೊದಲು, ಕೆಲವು ಸಲ ಆ ಮನೆಯವರಿಗೆ ಕಾರಣ ಗೊತ್ತಾಗುವ ಮೊದಲೇ, ಅಂಗಡಿಯವನಿಗೆ ಗೊತ್ತಾಗುತ್ತದೆ.

ಈ ಲೇಖನ ಬರೆಯಲು ಕೂತದ್ದು ನನ್ನ ತಂಗಿಯ ಹಣ ನಿಂತ ಮೇಲೆ. ಅದರ ಕಥೆ ಕೊನೆಗೆ ಹೇಳುತ್ತೇನೆ. ಅದಕ್ಕೂ ಮೊದಲು ಈ ಹಣ ಎಲ್ಲಿಂದ ಬಂತು, ಹೇಗೆ ಬಂತು, ಹೇಗೆ ಹೋಗುತ್ತದೆ ಅಂತ ಸ್ವಲ್ಪ ಇತಿಹಾಸ ನೋಡೋಣ. ನಮ್ಮ ಸಮುದಾಯದ ಎಷ್ಟೋ ಮನೆಗಳಲ್ಲಿ ಒಂದು ಮೂಲೆಯ ಮಂಚದಲ್ಲಿ ಇಂಥ ಒಂದು ಜೀವ ಇದೆ. ಆದರೆ ಈ ವಿಷಯ ನಾವು ಬರೆದದ್ದು ಕಡಿಮೆ.

ಬೆರಳಿಗೊಂದು ಬೆಲೆ

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನು. ಕಾಲೇಜಿನಲ್ಲಿ ಮೊದಲ ಸಲ ಲೇತ್ ಮುಟ್ಟುವಾಗ ಮೇಷ್ಟ್ರು ಹೇಳಿದ್ದು ಬೆರಳು ಜೋಪಾನ ಅಂತ. ಬೆರಳಿಗೆ ಕಾನೂನಿನಲ್ಲಿ ಬೆಲೆ ಕಟ್ಟಿದ್ದಾರೆ ಅಂತ ನನಗೆ ಗೊತ್ತಾದದ್ದು ಕೆಲಸಕ್ಕೆ ಸೇರಿದ ಮೇಲೆ.

ಬ್ರಿಟಿಷರು 1923ರಲ್ಲಿ ಕಾರ್ಮಿಕರ ಪರಿಹಾರ ಕಾಯ್ದೆ ತಂದರು. 1924ರ ಜುಲೈ 1ರಿಂದ ಅದು ಜಾರಿಗೆ ಬಂತು. ಸಾಂಗಲಿ, ಮಿರಜ ಆಗ ಪಟವರ್ಧನರ ಸಂಸ್ಥಾನಗಳು. ಬ್ರಿಟಿಷ್ ಇಂಡಿಯಾದ ಕಾನೂನು ಇಲ್ಲಿಗೆ ತಾನಾಗಿ ಬರುತ್ತಿರಲಿಲ್ಲ. ಹೆಂಚಿನ ಕಾರ್ಖಾನೆಗಳ ಊರಾದ ಮಂಗಳೂರು ಮದ್ರಾಸ್ ಪ್ರಾಂತ್ಯದಲ್ಲಿತ್ತು, ಅಲ್ಲಿಗೆ ಬಂತು. ಈ ಕಾಯ್ದೆಯ ಹಿಂದೆ ಒಂದು ಪಟ್ಟಿ ಇತ್ತು. ಈಗಿನ ಪಟ್ಟಿಯ ಪ್ರಕಾರ ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ 30 ಪ್ರತಿಶತ ನಷ್ಟ, ತೋರುಬೆರಳು ಪೂರ್ತಿ ಹೋದರೆ 14, ನಡುಬೆರಳಿಗೆ 12, ಉಂಗುರ ಬೆರಳು ಅಥವಾ ಕಿರುಬೆರಳಿಗೆ 7. ದೇಹವನ್ನು ಪ್ರತಿಶತದಲ್ಲಿ ಅಳೆಯುವ ಅಭ್ಯಾಸ ನಮ್ಮ ಸರಕಾರಿ ಕಾಗದಕ್ಕೆ ಬಂದದ್ದು ಇಂಥ ಪಟ್ಟಿಗಳಿಂದ.

ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ಇಎಸ್‌ಐ ಕಾಯ್ದೆ ಆಯಿತು. 1952ರ ಫೆಬ್ರವರಿ 24ರಂದು ಕಾನ್ಪುರದಲ್ಲಿ ನೆಹರೂ ಅದನ್ನು ಉದ್ಘಾಟಿಸಿದರು. ಕೆಲಸದಲ್ಲಿ ಕೈಕಾಲು ಕಳೆದುಕೊಂಡವನಿಗೆ ಬದುಕಿರುವ ತನಕ ಹಣ ಬರುವ ವ್ಯವಸ್ಥೆ ಅದರಲ್ಲಿದೆ. ನಮ್ಮ ವರ್ಕ್‌ಶಾಪಿನಲ್ಲೂ ಪ್ರತಿ ತಿಂಗಳು ನನ್ನ ಹೆಸರಿನ ಮುಂದೆ ಒಂದು ಪಾಲು ಕಡಿದು ಅದಕ್ಕೆ ಕಟ್ಟುತ್ತಾರೆ.

ಆದರೆ ಈ ಎರಡೂ ಕಾನೂನುಗಳು ಕೆಲಸದಲ್ಲಿದ್ದವರಿಗೆ. ಮೆಷಿನ್ ಮುಟ್ಟುವ ಮೊದಲೇ, ಹುಟ್ಟುವಾಗಲೇ ಕೈ ಬಾರದವರಿಗೆ ಈ ಪಟ್ಟಿಯಲ್ಲಿ ಕಾಲಂ ಇಲ್ಲ. ಸಂವಿಧಾನದ 41ನೇ ವಿಧಿ ಅವರ ಮಾತೂ ಆಡುತ್ತದೆ. ನಿರುದ್ಯೋಗ, ಮುಪ್ಪು, ಕಾಯಿಲೆ, ಅಂಗವಿಕಲತೆ ಬಂದಾಗ ಸರಕಾರ ನೆರವು ಕೊಡಬೇಕು ಅನ್ನುತ್ತದೆ. ಜೊತೆಗೆ ಒಂದು ಷರತ್ತನ್ನೂ ಸೇರಿಸುತ್ತದೆ: ಸರಕಾರದ ಆರ್ಥಿಕ ಶಕ್ತಿಯ ಮಿತಿಯೊಳಗೆ. ಕೊಡುವುದಕ್ಕೂ ಕೊಡದೆ ಇರುವುದಕ್ಕೂ ಆ ಒಂದೇ ಸಾಲು ಸಾಕಾಗುತ್ತದೆ.

ರಾಜ್ಯಗಳು ಕೊಟ್ಟದ್ದು, ಕೇಂದ್ರ ಕೊಟ್ಟದ್ದು

ಹುಟ್ಟಿನಿಂದ ಅಂಗವಿಕಲರಾದ ಬಡವರಿಗೆ ತಿಂಗಳ ಹಣ ಬಂದದ್ದು ಹೆಚ್ಚಾಗಿ ರಾಜ್ಯ ಸರಕಾರಗಳಿಂದ. ಮಹಾರಾಷ್ಟ್ರದಲ್ಲಿ 1980ರಲ್ಲಿ ಸಂಜಯ ಗಾಂಧಿ ನಿರಾಧಾರ ಅನುದಾನ ಯೋಜನೆ ಶುರುವಾಯಿತು. ಆಗ ಮುಖ್ಯಮಂತ್ರಿ ಕೊಂಕಣದ ಎ. ಆರ್. ಅಂತುಲೆ. ಇಲ್ಲಿನ ಜನ ಇವತ್ತಿಗೂ ಪೆನ್ಶನ್ ಅನ್ನುವುದಿಲ್ಲ, ‘ಸಂಜಯ ಗಾಂಧಿ ಬಂತಾ’ ಅಂತಲೇ ಕೇಳುತ್ತಾರೆ. ಬಾಪನ ‘ಪೆ’ ಹೆಚ್ಚಿನದ್ದು ಅದೇ.

ಕೇಂದ್ರ ಸರಕಾರ 1995ರ ಆಗಸ್ಟ್ 15ಕ್ಕೆ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮ ತಂದಿತು. ಅದರಲ್ಲಿ ವೃದ್ಧರಿಗೆ ಪಿಂಚಣಿ ಇತ್ತು, ದುಡಿಯುವವರು ಸತ್ತ ಕುಟುಂಬಕ್ಕೆ ಮತ್ತು ಹೆರಿಗೆಗೆ ನೆರವು ಇತ್ತು. ಅಂಗವಿಕಲರ ಹೆಸರು ಇರಲಿಲ್ಲ. ಅದೇ ವರ್ಷ ಪಾರ್ಲಿಮೆಂಟು ಅಂಗವಿಕಲರ ಕಾಯ್ದೆ ಪಾಸು ಮಾಡಿತು, 40 ಪ್ರತಿಶತ ಅಂತ ಗೆರೆ ಎಳೆಯಿತು. ಆದರೆ ಕೇಂದ್ರದ ಪಿಂಚಣಿ ಅವರಿಗೆ ಬಂದದ್ದು 2009ರಲ್ಲಿ. ಅದೂ ಬಿಪಿಎಲ್ ಮನೆಯವರಿಗೆ, 18 ವರ್ಷ ದಾಟಿದವರಿಗೆ, 80 ಪ್ರತಿಶತಕ್ಕೆ ಮೇಲಿದ್ದವರಿಗೆ. ಮೊದಲು ತಿಂಗಳಿಗೆ 200 ರೂಪಾಯಿ, 2012ರಿಂದ 300.

ವರ್ಕ್‌ಶಾಪಿನಲ್ಲಿ ನಮ್ಮ ಹತ್ತಿರ ಗೋ–ನೋ ಗೋ ಗೇಜ್ ಅಂತ ಒಂದು ಸಾಧನ ಇರುತ್ತದೆ. ಪೀಸು ಗೋ ಕಡೆ ಹೋಗಿ ನೋ ಗೋ ಕಡೆ ಹೋಗದಿದ್ದರೆ ಪಾಸು, ಇಲ್ಲದಿದ್ದರೆ ರಿಜೆಕ್ಟ್. ಎಷ್ಟು ಕಮ್ಮಿ, ಯಾಕೆ ಕಮ್ಮಿ ಅಂತ ಗೇಜ್ ಹೇಳುವುದಿಲ್ಲ. ಮಾಸಾಶನದ ಪ್ರತಿಶತವೂ ಹಾಗೆಯೇ. ಕೇಂದ್ರದ ಗೇಜ್ 80. ಕರ್ನಾಟಕದಲ್ಲಿ 40 ದಾಟಿದರೆ ಒಂದು ದರ, 75ಕ್ಕೆ ತಲುಪಿದರೆ ಇನ್ನೊಂದು. 74 ಬರೆದ ಡಾಕ್ಟರಿಗೂ 75 ಬರೆದ ಡಾಕ್ಟರಿಗೂ ಕಂಡದ್ದು ಒಂದೇ ಕಾಲು ಇರಬಹುದು. ಮನೆಗೆ ಬರುವ ದುಡ್ಡು ಒಂದೇ ಅಲ್ಲ.

ಕಡಿತದ ಮೂರು ದಾರಿ

ಬ್ರಿಟನ್ನಿನಲ್ಲಿ 2025ರ ಮಾರ್ಚಿನಲ್ಲಿ ಸರಕಾರ ಅಂಗವಿಕಲರ ಭತ್ಯೆಯ ನಿಯಮ ಬಿಗಿ ಮಾಡುತ್ತೇವೆ, ವರ್ಷಕ್ಕೆ ಸುಮಾರು 500 ಕೋಟಿ ಪೌಂಡ್ ಉಳಿಸುತ್ತೇವೆ ಅಂತ ಬಹಿರಂಗವಾಗಿ ಹೇಳಿತು. ಗಾಲಿಕುರ್ಚಿಯವರು ಬೀದಿಗೆ ಬಂದರು. ಆಡಳಿತ ಪಕ್ಷದ ನೂರಕ್ಕೂ ಹೆಚ್ಚು ಸಂಸದರು ತಿರುಗಿ ಬಿದ್ದರು. ಜುಲೈ 1ರಂದು ಮತ ಹಾಕುವ ದಿನವೇ ಸರಕಾರ ಆ ಮುಖ್ಯ ಭಾಗವನ್ನು ಕೈಬಿಟ್ಟಿತು. ಹೊಸದಾಗಿ ಅರ್ಜಿ ಹಾಕುವವರಿಗೆ ಇನ್ನೊಂದು ಭತ್ಯೆಯಲ್ಲಿ ಕಡಿತ ಉಳಿಯಿತು. ಪೂರ್ತಿ ಗೆದ್ದರು ಅನ್ನುವಂತಿಲ್ಲ. ಆದರೆ ಜಗಳಕ್ಕೆ ಒಂದು ಹೆಸರು ಇತ್ತು, ಒಂದು ತಾರೀಕು ಇತ್ತು.

ನಮ್ಮಲ್ಲಿ ಕಡಿತ ಅಂತ ಯಾರೂ ಹೇಳುವುದಿಲ್ಲ. ಅದು ಬೇರೆ ಮೂರು ದಾರಿಯಿಂದ ಬರುತ್ತದೆ.

ಮೊದಲನೆಯದು, ಅಂಕಿಯನ್ನು ಮುಟ್ಟದೆ ಇಡುವುದು. 2012ರ 300 ರೂಪಾಯಿ ಇವತ್ತಿಗೂ 300 ರೂಪಾಯಿಯೇ. ದಿನಕ್ಕೆ ಹತ್ತು ರೂಪಾಯಿ. ಅಂಗಡಿಯವನ ಮಗನಿಗೆ ಇದನ್ನು ವಿವರಿಸಬೇಕಾಗಿಲ್ಲ. 2012ರಲ್ಲಿ ಅಂಗಡಿಯಲ್ಲಿ 300ಕ್ಕೆ ತುಂಬುತ್ತಿದ್ದ ಚೀಲ ಈಗ ಅದೇ ಹಣಕ್ಕೆ ತುಂಬುವುದಿಲ್ಲ. ರಾಜ್ಯಗಳು ತಮ್ಮ ಪಾಲು ಸೇರಿಸಿ ಹೆಚ್ಚು ಕೊಡುತ್ತವೆ, ಅದು ಬೇರೆ ಮಾತು. ಕೇಂದ್ರದ ಪಾಲು ಪ್ರತಿ ವರ್ಷ ಸದ್ದಿಲ್ಲದೆ ಕರಗುತ್ತಾ ಬಂದಿದೆ.

ಎರಡನೆಯದು, ಪಟ್ಟಿ ಸಣ್ಣದು ಮಾಡುವುದು. ಇದಕ್ಕೆ ನಮ್ಮ ಕಾಸರಗೋಡಿಗಿಂತ ದೊಡ್ಡ ಪಾಠ ಇಲ್ಲ. ಅಲ್ಲಿನ ಸರಕಾರಿ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಎಣ್ಮಕಜೆಯ ಪಡ್ರೆ, ಸ್ವರ್ಗ ಕಡೆಯ ಮನೆಗಳಲ್ಲಿ ಹುಟ್ಟಿದ ಮಕ್ಕಳ ಫೋಟೋ ನೀವೆಲ್ಲ ನೋಡಿದ್ದೀರಿ. ಈ ಕಡೆ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯಲ್ಲೂ ಅದೇ ಕಥೆ. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ನಿಲ್ಲಿಸಿತು. 2017ರ ಜನವರಿ 10ರಂದು ಕೇರಳದ ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ಕೊಡಿ ಅಂತ ಆದೇಶ ಮಾಡಿತು. ಐದು ವರ್ಷ ಕಳೆದು 2022ರ ಮೇ ತಿಂಗಳಲ್ಲಿ ಕೋರ್ಟು ಲೆಕ್ಕ ಕೇಳಿದಾಗ 3,704 ಜನರಲ್ಲಿ ಹಣ ಸಿಕ್ಕಿದ್ದು ಎಂಟು ಜನರಿಗೆ. ಆ ಎಂಟು ಜನ ಕೋರ್ಟಿಗೆ ಹೋದವರು.

ಅದೇ 2017ರಲ್ಲಿ ಕಾಸರಗೋಡಿನಲ್ಲಿ ವೈದ್ಯಕೀಯ ಶಿಬಿರ ನಡೆಯಿತು. 1,905 ಜನ ಸಂತ್ರಸ್ತರು ಅಂತ ಮೊದಲ ಪಟ್ಟಿ. ಆಮೇಲೆ ಬಂದ ಪಟ್ಟಿಯಲ್ಲಿ 287. ಜನ ಗಲಾಟೆ ಮಾಡಿದ ಮೇಲೆ 76 ಸೇರಿತು. 2019ರ ಆರಂಭದಲ್ಲಿ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ತಿರುವನಂತಪುರದ ಸೆಕ್ರೆಟರಿಯೇಟ್ ಎದುರು ಕೂತರು, ದಯಾಬಾಯಿ ಉಪವಾಸ ಕೂತರು. ಆಗ ಇನ್ನೂ 511 ಮಕ್ಕಳು ಸೇರಿದರು. ಕೂಡಿಸಿ ಕಳೆಯಿರಿ: 1,031 ಜನ ಹೊರಗೆ ಉಳಿದರು. ಮುಂದಿನ ವರ್ಷಗಳಲ್ಲಿ ಆ ಅಂಕಿಯೇ ಅವರ ಹೋರಾಟದ ಹೆಸರಾಯಿತು. ಅವರ ಹಣ ಕಡಿದಿದ್ದೇವೆ ಅಂತ ಯಾವ ಆದೇಶದಲ್ಲೂ ಇಲ್ಲ. ಅವರ ಹೆಸರು ಪಟ್ಟಿಯಲ್ಲಿ ಇಲ್ಲ, ಅಷ್ಟೇ.

ಮೂರನೆಯದು, ಕಾಗದ ಮತ್ತು ಬೆರಳಚ್ಚು. ವರ್ಷಕ್ಕೊಮ್ಮೆ ಬದುಕಿದ್ದೇನೆ ಅಂತ ದಾಖಲೆ ಕೊಡಬೇಕು. ಆದಾಯದ ಸರ್ಟಿಫಿಕೇಟ್ ಬೇಕು. ಖಾತೆಗೆ ಆಧಾರ್ ಜೋಡಿಸಿರಬೇಕು. ಹಳೆಯ ಸರ್ಟಿಫಿಕೇಟ್ ಇದ್ದವರು ಈಗ ಯುಡಿಐಡಿ ಕಾರ್ಡ್ ಮಾಡಿಸಬೇಕು. ಒಂದೊಂದಾಗಿ ನೋಡಿದರೆ ಯಾವುದೂ ತಪ್ಪಲ್ಲ. ಸತ್ತವರ ಹೆಸರಲ್ಲಿ ಹಣ ಎತ್ತುವವರೂ ಇದ್ದಾರೆ, ಅದನ್ನು ತಡೆಯಲೇಬೇಕು. ಆದರೆ ಎದ್ದು ನಡೆಯಲಾಗದವರನ್ನೇ ಪ್ರತಿ ಸಲ ಕೌಂಟರಿಗೆ ಕರೆಸಿದರೆ ಒಂದಲ್ಲ ಒಂದು ಸಲ ತಪ್ಪಿಯೇ ತಪ್ಪುತ್ತದೆ. ತಪ್ಪಿದ ತಿಂಗಳಿಂದ ಹಣ ಇಲ್ಲ.

ತಂಗಿಯ ಮುಷ್ಟಿ

ನನ್ನ ತಂಗಿಗೆ ಹುಟ್ಟುವಾಗಲೇ ಸೆರೆಬ್ರಲ್ ಪಾಲ್ಸಿ. ಮಾತು ಕಮ್ಮಿ, ತಿಳಿವಳಿಕೆ ಚೆನ್ನಾಗಿದೆ. ಅಂಗಡಿಗೆ ಬಂದವರ ದನಿ ಕೇಳಿ ಯಾರು ಅಂತ ಹೇಳುತ್ತಾಳೆ. ಸಣ್ಣವಳಿದ್ದಾಗ ಉಮ್ಮ ಅವಳನ್ನು ಸೊಂಟಕ್ಕೆ ಕಟ್ಟಿಕೊಂಡು ಬಸ್ಸಿನಲ್ಲಿ ಮಿರಜಕ್ಕೆ ಹೋಗುತ್ತಿದ್ದರು. ಕೆನಡಾದಿಂದ ಬಂದ ಡಾಕ್ಟರ್ ವಿಲಿಯಂ ವಾನ್ಲೆಸ್ 1894ರಲ್ಲಿ ಆಸ್ಪತ್ರೆ ಕಟ್ಟಿದಂದಿನಿಂದ ಮಿರಜ ಡಾಕ್ಟರುಗಳ ಊರು. ಬೆಳಗಾವಿ, ವಿಜಯಪುರದಿಂದಲೂ ಜನ ಬರುತ್ತಾರೆ. ಅಲ್ಲಿ ಮಾಡಿಸಿದ ವ್ಯಾಯಾಮದಿಂದ ಅವಳಿಗೆ ಕೂರಲು ಬಂತು. ಕೈ ಮಾತ್ರ ಬಿಡಿಸಲು ಬರಲಿಲ್ಲ. ಎರಡೂ ಮುಷ್ಟಿ ಯಾವಾಗಲೂ ಬಿಗಿ.

ಅಂಗಡಿ ನಡೆಯುತ್ತಿದ್ದಾಗ ಬಾಪ ಅವಳ ಹೆಸರಲ್ಲಿ ಅರ್ಜಿ ಹಾಕಲಿಲ್ಲ. ನಮಗಿಂತ ಬಡವರು ಇದ್ದಾರೆ ಅನ್ನುತ್ತಿದ್ದರು. 2019ರ ಆಗಸ್ಟಿನ ನೆರೆ ನಿಮಗೆ ನೆನಪಿರಬಹುದು, ಸಾಂಗಲಿ ಪೂರ್ತಿ ಟಿವಿಯಲ್ಲಿ ಬಂದಿತ್ತು. ನಮ್ಮ ಅಂಗಡಿಗೂ ನೀರು ನುಗ್ಗಿತು. ಅಕ್ಕಿ, ಬೇಳೆ, ಸಕ್ಕರೆ ಎಲ್ಲ ಹೋಯಿತು. ಮೇಲಿನ ಹಲಗೆಯಲ್ಲಿದ್ದ ಒಂದು ಉದ್ರಿ ಪುಸ್ತಕ ಉಳಿಯಿತು, ಅದೂ ಒದ್ದೆಯಾಗಿ ಉಬ್ಬಿತು. ಮರುವರ್ಷ ಬಾಪ ತಂಗಿಯ ಹೆಸರಲ್ಲಿ ಅರ್ಜಿ ಕೊಟ್ಟರು. ತಿಂಗಳಿಗೆ 1,000 ರೂಪಾಯಿ ಬಂತು, 2023ರಲ್ಲಿ 1,500 ಆಯಿತು. ಡೈಪರ್, ಫಿಟ್ಸ್ ಮಾತ್ರೆ, ಮೈಗೆ ಹಚ್ಚುವ ಎಣ್ಣೆ. ಮೊದಲ ಸಲ ಅವಳ ಖರ್ಚು ಅವಳ ಹಣದಲ್ಲಿ ಆಯಿತು. ಉಮ್ಮ ಆ ಹಣಕ್ಕೆ ಬೇರೆ ಡಬ್ಬಿ ಇಟ್ಟಿದ್ದರು.

ಆಮೇಲೆ ಒಂದು ಸಲ ಬೆರಳಚ್ಚು ಕೇಳಿದರು. ಮುಷ್ಟಿ ಬಿಡಿಸಿ ಬೆರಳನ್ನು ಗಾಜಿನ ಮೇಲೆ ಇಟ್ಟರೆ ಅದು ಮತ್ತೆ ಮಡಚುತ್ತದೆ. ಮೂರು ಸಲ ಹೋದೆವು. ಮೂರನೇ ಸಲ ಅವಳು ಅತ್ತಳು. ಕೌಂಟರಿನ ಹುಡುಗ ಒಳ್ಳೆಯವನು, ಅವನ ಕೈಯಲ್ಲೂ ಏನಿರಲಿಲ್ಲ. ನಾನು ವರ್ಕ್‌ಶಾಪಿನಲ್ಲಿ ಒಂದು ಮರದ ತುಂಡನ್ನು ಅವಳ ಅಂಗೈಗೆ ಸರಿಯಾಗಿ ದುಂಡಗೆ ಮಾಡಿ, ಮೇಲೆ ಸ್ಪಂಜು ಸುತ್ತಿ ತಂದೆ. ಮನೆಯಿಂದಲೇ ಕೈಯನ್ನು ಬಿಸಿನೀರಿನಲ್ಲಿ ಇಟ್ಟು ಸಡಿಲಿಸಿ, ಅದನ್ನು ಹಿಡಿಸಿ ಕರೆದುಕೊಂಡು ಹೋದೆವು. ನಾಲ್ಕನೇ ಸಲಕ್ಕೆ ಅಚ್ಚು ಬಿತ್ತು. ನಿಂತಿದ್ದ ಹಣ ಬಂತು. ಅಣ್ಣ ಫಿಟ್ಟರ್ ಅಲ್ಲದ ಮನೆಯವರು ಏನು ಮಾಡುತ್ತಾರೆ ಅಂತ ಆ ದಿನ ಯೋಚಿಸಿದೆ.

ಈಗ ನಿಂತದ್ದು ಬೆರಳಿನಿಂದ ಅಲ್ಲ, ನನ್ನಿಂದ. ಅಂಗವಿಕಲರ ಕುಟುಂಬದ ವರ್ಷದ ಆದಾಯ 50,000 ದಾಟಬಾರದು ಅಂತ ಈ ಯೋಜನೆಯ ನಿಯಮ. ತಿಂಗಳಿಗೆ ಸುಮಾರು 4,166 ರೂಪಾಯಿ. ನಾನು ಮೊದಲು ಪುಣೆಯಲ್ಲಿದ್ದೆ. ಬಾಪನಿಗೆ ವಯಸ್ಸಾಯಿತು ಅಂತ ಊರಿಗೆ ಬಂದು ಕುಪ್ವಾಡದಲ್ಲಿ ಕೆಲಸಕ್ಕೆ ಸೇರಿದೆ, ಮನೆಯ ರೇಷನ್ ಕಾರ್ಡಿನಲ್ಲಿ ಹೆಸರು ಹಾಕಿಸಿದೆ. ಆದಾಯದ ಸರ್ಟಿಫಿಕೇಟ್ ಹೊಸದು ಮಾಡಿಸುವಾಗ ನನ್ನ ಸಂಬಳ ಲೆಕ್ಕಕ್ಕೆ ಬಂತು. ಅಣ್ಣ ಮನೆಗೆ ಬಂದದ್ದಕ್ಕೆ ತಂಗಿಯ ಹಣ ಹೋಯಿತು. ಅದೇ 2025ರಲ್ಲಿ ಸರಕಾರ ಅಂಗವಿಕಲರಿಗೆ ಆ ಮೊತ್ತವನ್ನು 1,500ರಿಂದ 2,500ಕ್ಕೆ ಏರಿಸಿತು. ಒಳ್ಳೆಯ ಕೆಲಸ. ನಮ್ಮ ಮನೆಗೆ ಅದು ತಲುಪಲಿಲ್ಲ.

ತಿಳಿದವರು ಒಂದು ದಾರಿ ಹೇಳಿದರು. ಮಗ ಬೇರೆ ಇದ್ದಾನೆ ಅಂತ ಬರೆದು ರೇಷನ್ ಕಾರ್ಡ್ ಬೇರೆ ಮಾಡಿಸಿ, ಎಲ್ಲರೂ ಹಾಗೇ ಮಾಡುವುದು. ಬಾಪ ಒಪ್ಪಲಿಲ್ಲ. ಬ್ಯಾರಿಯಲ್ಲಿ ಹೇಳಿದ್ದರ ಕನ್ನಡ ಇಷ್ಟು: ‘ಮಗ ಬೇರೆ ಹೋಗಿದ್ದಾನೆ ಅಂತ ನನ್ನ ಕೈಯಿಂದ ಬರೆಯುವುದಿಲ್ಲ. ಬರೆದರೆ ಒಂದು ದಿನ ನಿಜ ಆಗುತ್ತದೆ.’ ಬಾಪನದ್ದು ಸರಿ ಅಂತ ಅನ್ನಿಸುತ್ತದೆ. ಡೈಪರ್ ಪ್ಯಾಕೆಟಿನ ಬೆಲೆ ನೋಡುವಾಗ ಕಾರ್ಡ್ ಬೇರೆ ಮಾಡಿಸಬೇಕಿತ್ತು ಅಂತಲೂ ಅನ್ನಿಸುತ್ತದೆ. ನನಗೆ ಇನ್ನೂ ತೀರ್ಮಾನ ಆಗಿಲ್ಲ.

ನಿಯಮ ಮಾಡಿದವರು ಮರೆತದ್ದು ಇಲ್ಲಿಯೇ. 50,000ದ ಗೇಜ್ ಮನೆಗೆ ಬರುವ ಹಣವನ್ನು ಅಳೆಯುತ್ತದೆ. ಅಂಥ ಮಗು ಇರುವ ಮನೆಯಿಂದ ಹೊರಗೆ ಹೋಗುವ ಹಣವನ್ನು ಅಳೆಯುವುದಿಲ್ಲ. ಉಮ್ಮ ಮೂವತ್ತು ವರ್ಷದಿಂದ ಒಂದು ಮದುವೆಯಲ್ಲೂ ರಾತ್ರಿ ಉಳಿದಿಲ್ಲ. ನನಗೆ ಹೆಣ್ಣು ನೋಡುವಾಗ ಎರಡು ಕಡೆ ತಂಗಿಯ ವಿಷಯ ಕೇಳಿ ಮಾತು ನಿಂತಿತು. ಗಲ್ಫಿಗೆ ಹೋಗುವ ಅವಕಾಶ ಬಂದಾಗ ಅವಳನ್ನು ಎತ್ತಿ ಕೂರಿಸುವವರು ಯಾರು ಅನ್ನುವ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಇದೆಲ್ಲ ಯಾವ ಸರ್ಟಿಫಿಕೇಟಿನಲ್ಲೂ ಬರುವುದಿಲ್ಲ.

ನಾವು ಮಾಡಬಹುದಾದದ್ದು

ನಮ್ಮ ಜಮಾಅತ್‌ಗಳು ಇಂಥ ಮನೆಗಳನ್ನು ಮರೆತಿಲ್ಲ. ರಂಝಾನಿನಲ್ಲಿ ಕಿಟ್ ಬರುತ್ತದೆ, ಝಕಾತ್ ಬರುತ್ತದೆ, ಯಾರಾದರೂ ಗಾಲಿಕುರ್ಚಿ ಕೊಡಿಸುತ್ತಾರೆ. ಅಲ್ಲಾಹು ಕೊಟ್ಟವರಿಗೆ ಬರಕತ್ ಕೊಡಲಿ. ಆದರೆ ಅದು ಕೊಡುವವರ ದೊಡ್ಡ ಮನಸ್ಸಿನಿಂದ ಬರುವುದು. ಮಾಸಾಶನ ಹಕ್ಕಿನಿಂದ ಬರುವುದು, ಪ್ರತಿ ತಿಂಗಳು ಬರಬೇಕಾದದ್ದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಏಳರ ಬದಲು 21 ಬಗೆಯ ಅಂಗವಿಕಲತೆಯನ್ನು ಗುರುತಿಸಿತು. ಅದರ 24ನೇ ಸೆಕ್ಷನ್ನಿನಲ್ಲಿ, ಬೇರೆಯವರಿಗೆ ಇರುವ ಅದೇ ರೀತಿಯ ಯೋಜನೆಗಿಂತ ಅಂಗವಿಕಲರಿಗೆ ಕನಿಷ್ಠ 25 ಪ್ರತಿಶತ ಹೆಚ್ಚು ಕೊಡಬೇಕು ಅಂತ ಇದೆ. ಇದನ್ನು ಎಷ್ಟು ಜನ ಕೇಳಿದ್ದೇವೆ?

ಹಾಗಾಗಿ ಓದುವವರಲ್ಲಿ ಒಂದು ಕೋರಿಕೆ. ನಿಮ್ಮ ಮಹಲ್ಲಾದಲ್ಲಿ ಒಂದು ನೋಟ್‌ಬುಕ್ ಇಡಿ. ಯಾವ ಮನೆಯಲ್ಲಿ ಅಂಗವಿಕಲರು ಇದ್ದಾರೆ, ಯಾರಿಗೆ ಯುಡಿಐಡಿ ಆಗಿದೆ, ಯಾರಿಗೆ ಹಣ ಬರುತ್ತಿದೆ, ಯಾವ ತಿಂಗಳು ನಿಂತಿತು, ಏನು ಕಾರಣ ಹೇಳಿದರು. ಕಾರಣವನ್ನು ಬಾಯಲ್ಲಿ ಕೇಳಿ ಬರಬೇಡಿ, ಬರವಣಿಗೆಯಲ್ಲಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಬದುಕಿರುವ ದಾಖಲೆ ಕೊಡುವ ತಿಂಗಳು ಬಂದಾಗ ಬೈಕ್ ಇರುವ ಇಬ್ಬರು ಹುಡುಗರು ಆ ಮನೆಗಳಿಗೆ ಹೋಗಿ ನೆನಪು ಮಾಡಿದರೆ ಎಷ್ಟೋ ಹಣ ನಿಲ್ಲುವುದಿಲ್ಲ. ಕಾಸರಗೋಡಿನ ತಾಯಂದಿರ ಹತ್ತಿರ 1,905 ಮತ್ತು 287 ಅನ್ನುವ ಎರಡು ಅಂಕಿ ಇದ್ದದ್ದರಿಂದ ಅವರು ಸರಕಾರವನ್ನು ಕೇಳಲು ಆಯಿತು. ನಮ್ಮ ಹತ್ತಿರ ನಮ್ಮ ಮಹಲ್ಲಾದ ಅಂಕಿ ಕೂಡ ಇಲ್ಲ.

ನೆರೆಯಲ್ಲಿ ಉಳಿದ ಆ ಉದ್ರಿ ಪುಸ್ತಕ ಈಗ ನನ್ನ ಹತ್ತಿರ ಇದೆ. ಶಾಯಿ ಹರಡಿದೆ, ಆದರೂ ‘ಪೆ’ ಓದಲು ಬರುತ್ತದೆ. ಗೀಟು ಬೀಳದ ಸಾಲುಗಳೂ ಕಾಣುತ್ತವೆ. ಬಾಪ ಅವುಗಳನ್ನು ಯಾವತ್ತೂ ವಸೂಲಿ ಮಾಡಲಿಲ್ಲ. ಹೋದ ತಿಂಗಳು ಅದರ ಕೊನೆಯ ಖಾಲಿ ಪುಟದಲ್ಲಿ ನಾನು ತಂಗಿಯ ಹೆಸರು ಬರೆದು, ಹಣ ನಿಂತ ತಿಂಗಳು ಮತ್ತು ಹೇಳಿದ ಕಾರಣ ಬರೆದೆ. ಅವಳು ಏನು ಬರೆದೆ ಅಂತ ಕೇಳಿದಳು. ಓದಿ ಹೇಳಿದೆ.